ಹೆಸರಿನ ಸಾಲು ಕಾಯುವ ಗ್ರೇಸಿ ಚೇಚಿ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ, ನಾಲ್ಕನೇ ಮಹಡಿಯಲ್ಲಿ, ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ನೂರಿಪ್ಪತ್ತು ಜನ ಕೂರುವ ಉದ್ದನೆಯ ಹಾಲಿನಲ್ಲಿ ಈಗ ಇರುವುದು ಮೂರೇ ಜನ: ನೆಲ ಒರೆಸುತ್ತಿರುವ ಹೆಂಗಸು, ಕಂಪ್ಯೂಟರಿನ ಮುಂದೆ ಕೂತ ಗ್ರೇಸಿ ಲೋಬೊ, ಮತ್ತು ಈ ಹೊತ್ತಿಗೇ ಎಬ್ಬಿಸಿಬಿಟ್ಟರಲ್ಲ ಎಂದು ಒಳಗೊಳಗೇ ಗೊಣಗುತ್ತಿರುವ ನಾನು.

ಗ್ರೇಸಿ ಓದುತ್ತಿರುವುದು ಫೈಲುಗಳ ತಲೆಭಾಗ. ಸಾಫ್ಟ್‌ವೇರಿನ ಪ್ರತಿ ಫೈಲಿನಲ್ಲೂ ಕೋಡ್ ಶುರುವಾಗುವ ಮೊದಲು ಹತ್ತು ಹನ್ನೆರಡು ಸಾಲು ಇರುತ್ತದೆ. ಇದನ್ನು ಬರೆದವರು ಯಾರು, ಯಾವ ವರ್ಷ ಬರೆದರು, ಬೇರೆಯವರು ತಿದ್ದಬಹುದೋ ಇಲ್ಲವೋ, ತಿದ್ದಿದರೆ ಏನು ಮಾಡಬೇಕು, ಎಲ್ಲ ಅಲ್ಲಿರುತ್ತದೆ. ಕಂಪ್ಯೂಟರಿಗೆ ಆ ಸಾಲುಗಳು ಬೇಕಾಗಿಲ್ಲ, ಅದು ಹಾರಿಸಿಕೊಂಡು ಮುಂದೆ ಹೋಗುತ್ತದೆ. ಎಂಜಿನಿಯರುಗಳೂ ಹಾಗೇ ಮಾಡುತ್ತಾರೆ. ಈ ಕಟ್ಟಡದಲ್ಲಿ ಅದನ್ನು ದಿನಾ ಓದುವವರು ಇವರೊಬ್ಬರೇ.

ಪಕ್ಕದಲ್ಲಿ ಉದ್ದ ಗೆರೆಯ ಒಂದು ನೋಟ್‌ಬುಕ್ಕು. ಅದರಲ್ಲಿ ಮೂರು ಅಂಕಣ: ಯಾರದು, ಏನು ಬಿಟ್ಟಿದ್ದಾರೆ, ಏನು ಕೇಳಿದ್ದಾರೆ. ನಿನ್ನೆ ಒಂದೇ ದಿನ ನಲವತ್ತಮೂರು ಫೈಲು ಬದಲಾಗಿವೆ, ಅದರಲ್ಲಿ ಒಂಬತ್ತು ಹೊರಗಿನವರು ಬರೆದದ್ದು. ಒಂಬತ್ತನ್ನೂ ಗ್ರೇಸಿ ಒಂದೊಂದಾಗಿ ತೆಗೆದು ನೋಡುತ್ತಾರೆ. ಎಂಟು ಸರಿ ಇವೆ. ಒಂಬತ್ತನೆಯದರಲ್ಲಿ ತಿದ್ದಿದವರು ತಾವು ತಿದ್ದಿದ್ದೇವೆ ಎಂದು ಬರೆದಿಲ್ಲ. ಅದರ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಬೀಳುತ್ತದೆ.

ನಾನು ಫೋನ್ ತೆಗೆದು ಅವರದೊಂದು ಫೋಟೊ ಹೊಡೆಯುತ್ತೇನೆ. ಗ್ರೇಸಿ ತಿರುಗಿ ನೋಡಿ ನಗುತ್ತಾರೆ.

"ಕೇಳ್ದೆ ತಗೊಂಡ್ರಲ್ಲ ಸರ್!"

ತಪ್ಪಾಯಿತು ತಾಯಿ ಎಂದೆ. ಒಪ್ಪಿಗೆ ಕೇಳಿ ಇನ್ನೊಂದು ತೆಗೆದೆ. ಈ ಪುಟದಲ್ಲಿ ನೀವು ನೋಡುತ್ತಿರುವುದು ಆ ಎರಡನೆಯ ಫೋಟೊ. ಮೊದಲನೆಯದು ಚೆನ್ನಾಗಿ ಬಂದಿತ್ತು, ಆದರೆ ಅದನ್ನು ಅವರ ಎದುರಿಗೇ ಅಳಿಸಬೇಕಾಯಿತು.

ನಾನು ಬ್ಯಾಂಕಿನವನು. ವರ್ಗವಾಗಿ ಕೊಚ್ಚಿಗೆ ಬಂದು ಎರಡು ವರ್ಷ ಆಯಿತು, ಬಿಡುವಿನಲ್ಲಿ ಈ ಪುರವಣಿಗೆ ಬರೆಯುತ್ತೇನೆ. ಓಪನ್ ಸೋರ್ಸ್ ಎಂದರೆ ಬಿಟ್ಟಿ ಸಿಗುವ ಸಾಫ್ಟ್‌ವೇರ್, ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂದುಕೊಂಡಿದ್ದ ದೊಡ್ಡ ಗುಂಪಿನಲ್ಲಿ ನಾನೂ ಒಬ್ಬ. ಅದನ್ನು ಹೇಳಿದ್ದಕ್ಕೆ ಗ್ರೇಸಿ ಮುಖ ಸಿಂಡರಿಸಲಿಲ್ಲ. ದಿನಾ ಕೇಳಿ ಅಭ್ಯಾಸವಾಗಿದೆಯಂತೆ.

"ನಮ್ಮೂರಲ್ಲಿ ಯಾರಾದ್ರೂ ತೋಟದ್ ಗೇಟ್ ತೆಗ್ದಿಟ್ಟು, ಬನ್ನಿ, ಹಣ್ ತಿನ್ನಿ ಅಂತ ಬೋರ್ಡ್ ಹಾಕಿದ್ರೆ ಹೋಗಿ ತಿನ್ನಬಹುದು ಸರ್. ಆದ್ರೆ ಬೋರ್ಡಲ್ಲಿ ಏನ್ ಬರ್ದಿದೆ ಅಂತ ಓದ್ಬೇಕಲ್ವಾ? ಒಬ್ರು, ತಿನ್ನಿ, ನನ್ ಹೆಸ್ರು ಮಾತ್ರ ಅಳಿಸ್ಬೇಡಿ ಅಂತಾರೆ. ಇನ್ನೊಬ್ರು, ಇಲ್ಲಿಂದ ಸಸಿ ತಗೊಂಡೋಗಿ ನೀವ್ ಬೆಳೆಸಿದ್ರೆ ನಿಮ್ ತೋಟದ ಗೇಟೂ ಹಿಂಗೇ ತೆಗ್ದಿಡಿ ಅಂತಾರೆ. ಮತ್ತೊಬ್ರು, ಏನ್ ಬದಲಾಯಿಸಿದ್ರಿ ಅಂತ ಬರ್ದಿಡಿ ಅಂತಾರೆ. ಅಷ್ಟೇ ಸರ್ ಲೈಸೆನ್ಸ್ ಅಂದ್ರೆ."

ಬೋರ್ಡೇ ಇಲ್ಲದಿದ್ದರೆ?

"ಇಲ್ದಿದ್ರೆ ಕೈ ಹಾಕಂಗಿಲ್ಲ. ಗೇಟ್ ತೆಗ್ದಿದೆ ಅಂದ ಮಾತ್ರಕ್ಕೆ ನಮ್ದಾಗಲ್ಲ. ಬರ್ದೋರನ್ನ ಹುಡುಕಿ ಕೇಳ್ಬೇಕು."

ಹೀಗೆ ಹುಡುಕಿ ಕೇಳುವುದು ಅವರ ಕೆಲಸದ ಅರ್ಧ ಭಾಗ. ಕಳೆದ ವರ್ಷ ಎಪ್ಪತ್ತೊಂದು ಜನಕ್ಕೆ ಪತ್ರ ಬರೆದಿದ್ದಾರೆ. ಅರವತ್ತನಾಲ್ಕು ಉತ್ತರ ಬಂದಿವೆ. ಒಬ್ಬರು ತೀರಿಕೊಂಡಿದ್ದರು, ಅವರ ಮಕ್ಕಳಿಬ್ಬರ ಒಪ್ಪಿಗೆ ಪಡೆಯಬೇಕಾಯಿತು. ಇನ್ನೊಬ್ಬರು ಕೋಡನ್ನು ಆಫೀಸಿನ ಕೆಲಸವಾಗಿ ಬರೆದಿದ್ದರು, ಅದರ ಹಕ್ಕು ಅವರದೇ ಅಲ್ಲ, ಕಂಪನಿಯದು ಎಂದು ಕೊನೆಗೆ ಗೊತ್ತಾಯಿತು. ಉತ್ತರ ಬರದ ಕಡೆ ಆ ಕೋಡನ್ನು ತೆಗೆಸಿದ್ದಾರೆ. ತೆಗೆಸಿದಾಗೆಲ್ಲ ಯಾರೋ ಒಬ್ಬ ಎಂಜಿನಿಯರ್ ಇವರ ಮೇಲೆ ಮುಖ ಊದಿಸಿಕೊಳ್ಳುತ್ತಾನೆ.

ಗ್ರೇಸಿ ಹಾಸನದ ಹತ್ತಿರದವರು. ತಂದೆಗೆ ಸೈಕಲ್ ಅಂಗಡಿ ಇತ್ತು. ಬಿ.ಕಾಂ. ಮಾಡಿ, ಜೊತೆಗೆ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿಕೊಂಡರು. ಅಂಬಲಮುಗಳ್‌ನ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಕೆಲಸದಲ್ಲಿದ್ದ ಮಂಗಳೂರಿನ ಅಲ್ವಿನ್ ಲೋಬೊ ಅವರನ್ನು ಮದುವೆಯಾಗಿ ೨೦೦೩ರಲ್ಲಿ ಕೊಚ್ಚಿಗೆ ಬಂದರು. ಬಂದಾಗ ಮಲಯಾಳದ ಒಂದಕ್ಷರ ಗೊತ್ತಿರಲಿಲ್ಲ. ಮೊದಲ ಆರು ತಿಂಗಳು ಮೀನಿನವಳ ಹತ್ತಿರ ಬೆರಳು ತೋರಿಸಿಯೇ ವ್ಯಾಪಾರ. ಈಗ ನೋಡಿದರೆ ಮನೆಯಲ್ಲಿ ಮಗಳು ಅಮ್ಮನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. ಬೈದರೆ ಇಂಗ್ಲಿಷಿಗೆ ಜಿಗಿಯುತ್ತಾಳಂತೆ.

ಅಲ್ವಿನ್ ಬೆಳಗಿನ ಪಾಳಿಗೆ ಹೊರಡುವ ಹೊತ್ತಿಗೇ ಗ್ರೇಸಿಯೂ ಹೊರಡುತ್ತಾರೆ. ಬ್ಯಾಗಿನಲ್ಲಿ ಪುಟ್ಟು, ಕಡಲೆ ಪಲ್ಯದ ಡಬ್ಬಿ. ಹಿಂದಿನ ದಿನ ಬದಲಾದ ಫೈಲುಗಳ ಪಟ್ಟಿ ಬೆಳಗಾಗುವಷ್ಟರಲ್ಲಿ ತಯಾರಿರುತ್ತದೆ. ಎಂಜಿನಿಯರುಗಳು ಬರುವುದು ಒಂಬತ್ತೂವರೆಗೆ. "ಅವ್ರು ಬಂದ್ಮೇಲೆ ಓದಕ್ಕೆ ಬಿಡಲ್ಲ ಸರ್. ಚೇಚಿ ಆಯ್ತಾ, ಚೇಚಿ ಆಯ್ತಾ ಅಂತ ತಲೆ ತಿಂತಾರೆ" ಎನ್ನುತ್ತಾರೆ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ, ಆಫೀಸಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುವುದು.

ಕಂಪನಿ ದೊಡ್ಡದೇನಲ್ಲ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸುಗಳಿಗಾಗಿ ಅದು ಒಂದು ಸಾಫ್ಟ್‌ವೇರ್ ಮಾಡುತ್ತದೆ. ಯಾವ ಮನೆಗೆ ಯಾವತ್ತು ಹೋಗಬೇಕು, ಯಾರಿಗೆ ಯಾವ ಔಷಧ ಕೊಟ್ಟಾಗಿದೆ, ಎಲ್ಲ ಅದರಲ್ಲಿ ಸಿಗುತ್ತದೆ. ಅದರ ಕೋಡನ್ನು ಹೊರಗಿನವರು ಯಾರು ಬೇಕಾದರೂ ತೆರೆದು ನೋಡಬಹುದು. ಅದರ ಒಟ್ಟು ೧,೮೪೬ ಫೈಲುಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಫೈಲುಗಳನ್ನು ಬರೆದವರು ಹೊರಗಿನ ಜನ, ಲೋಕದ ಯಾವ್ಯಾವುದೋ ಮೂಲೆಯವರು. ಸಾಫ್ಟ್‌ವೇರಿನಲ್ಲಿ 'ಕೃತಜ್ಞತೆ' ಎಂಬ ಒಂದು ಪುಟ ಇದೆ. ಇನ್ನೂರ ಹನ್ನೆರಡು ಹೆಸರು. ಆ ಪುಟವನ್ನು ಕಾಲಕಾಲಕ್ಕೆ ಸರಿಮಾಡುವವರು ಗ್ರೇಸಿ. ಅವರ ಹೆಸರು ಅದರಲ್ಲಿಲ್ಲ. ಕೋಡ್ ಬರೆದವರ ಹೆಸರು ಮಾತ್ರ ಅಲ್ಲಿರುತ್ತದೆ, ಇವರು ಕೋಡ್ ಬರೆಯುವುದಿಲ್ಲ.

ಬೇಜಾರಿಲ್ವಾ ಎಂದು ಕೇಳಿದೆ. ಪತ್ರಕರ್ತರ ಮಾಮೂಲು ಪ್ರಶ್ನೆ ಅದು, ಕೇಳಲೇಬೇಕು.

"ಹತ್ತೊಂಬತ್ತು ವರ್ಷದಿಂದ ಸಂಬಳ ಕೊಡ್ತಿದಾರೆ, ಕುರ್ಚಿ ಕೊಟ್ಟಿದಾರೆ, ಕಿಟಕಿ ಪಕ್ಕ. ಬೇಜಾರ್ ಯಾಕೆ ಸರ್?"

ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಗ್ರೇಸಿಯ ಮೇಜಿನ ಹತ್ತಿರ ಒಂದು ಪದ್ಧತಿ ನಡೆಯುತ್ತದೆ. ಕೆಳಗಿನ ಚಾಯ ಅಂಗಡಿಯಿಂದ ಬಿಸಿ ಪಳಂಪೊರಿ ಬರುತ್ತದೆ. ನೇಂದ್ರ ಬಾಳೆಯ ಆ ಬಜ್ಜಿಯ ವಾಸನೆಗೆ ಎಂಜಿನಿಯರುಗಳೂ ಬರುತ್ತಾರೆ. ಒಬ್ಬೊಬ್ಬರಾಗಿ ಪಕ್ಕದ ಸ್ಟೂಲಿನ ಮೇಲೆ ಕೂತು, ಆ ವಾರ ತಾವು ಹೊರಗಿನಿಂದ ಏನೇನು ಕೋಡ್ ತಂದು ಹಾಕಿದೆವು, ಎಲ್ಲಿಂದ ತಂದೆವು, ಏನು ತಿದ್ದಿದೆವು ಎಂದು ಹೇಳುತ್ತಾರೆ. ಗ್ರೇಸಿ ಬರೆದುಕೊಳ್ಳುತ್ತಾರೆ. ಬೈಯುವುದಿಲ್ಲ, ಯಾರಿಗೂ ದೂರು ಹೇಳುವುದಿಲ್ಲ. ಹೇಳಿ ಮುಗಿಸಿದವರಿಗೆ ಒಂದು ಪಳಂಪೊರಿ.

ಹುಡುಗರು ಇದಕ್ಕೆ 'ಕುಂಬಸಾರಂ' ಎಂದು ಹೆಸರಿಟ್ಟಿದ್ದಾರೆ. ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವುದಕ್ಕೆ ಇಲ್ಲಿನವರು ಹೇಳುವ ಮಾತು ಅದು. ಮೊದಲು ಗ್ರೇಸಿಗೆ ಕೋಪ ಬಂದಿತ್ತು, ದೇವರ ವಿಷಯ ತಮಾಷೆಗೆ ತರಬೇಡಿ ಎಂದಿದ್ದರಂತೆ. "ಆಮೇಲೆ ನಮ್ ಫಾದರ್‌ಗೆ ಹೇಳ್ದೆ. ಅವ್ರು ಬಿದ್ದು ಬಿದ್ದು ನಕ್ರು. ನಿನ್ ಹತ್ರ ನನಗಿಂತ ಜಾಸ್ತಿ ಜನ ಬರ್ತಾರಲ್ಲಮ್ಮ ಅಂದ್ರು."

ಮೂರು ತಿಂಗಳ ಹಿಂದಿನ ಒಂದು ಶುಕ್ರವಾರ ಆ ಸ್ಟೂಲಿನ ಮೇಲೆ ಕೂತವರು ಇರ್ಫಾನ್. ದಾವಣಗೆರೆಯವರು, ಕಂಪನಿಯ ಜಾಣ ಎಂಜಿನಿಯರ್‌ಗಳಲ್ಲಿ ಒಬ್ಬರು. ನರ್ಸುಗಳಿಂದ ಒಂದು ದೂರು ಬರುತ್ತಲೇ ಇತ್ತು. ಒಬ್ಬರೇ ರೋಗಿಯ ಹೆಸರನ್ನು ಒಬ್ಬ ನರ್ಸ್ ಒಂದು ತರ, ಇನ್ನೊಬ್ಬರು ಇನ್ನೊಂದು ತರ ಬರೆದರೆ ಸಾಫ್ಟ್‌ವೇರ್ ಅವರನ್ನು ಇಬ್ಬರು ಎಂದು ತಿಳಿಯುತ್ತಿತ್ತು. ಔಷಧದ ವಿವರ ಅರ್ಧ ಅಲ್ಲಿ, ಅರ್ಧ ಇಲ್ಲಿ. ಇರ್ಫಾನ್ ಅದನ್ನು ಸರಿಮಾಡಿದ್ದರು. ಹೊಸ ಆವೃತ್ತಿ ಹನ್ನೊಂದು ದಿನಕ್ಕೆ ಹೊರಬರುವುದಿತ್ತು.

"ಇಂಟರ್ನೆಟ್ಟಲ್ಲಿ ಒಬ್ಬರ ಪೇಜಲ್ಲಿ ಇನ್ನೂರ ಹದಿನಾಲ್ಕು ಸಾಲು ಸಿಕ್ತು, ಸರ್ಯಾಗಿ ಅದೇ ಕೆಲಸಕ್ಕೆ" ಎಂದು ಇರ್ಫಾನ್ ಈಗ ನೆನೆಸಿಕೊಳ್ಳುತ್ತಾರೆ. "ತಂದು ಸ್ವಲ್ಪ ಬದಲಾಯಿಸಿ ಹಾಕಿದೆ. ಚೇಚಿ ಲೈಸೆನ್ಸ್ ಏನು ಅಂದ್ರು. ಏನೂ ಇರ್ಲಿಲ್ಲ ಚೇಚಿ, ಸುಮ್ನೆ ಹಾಕಿದ್ರು ಅಂದೆ. ಬರೆದವ್ರು ಯಾರು ಅಂದ್ರು. ಯಾರೋ ವಿಶ್ವೇಶ್ವರ ಅಂತೆ ಅಂದೆ. ಅವರ ಮುಖದ ಬಣ್ಣನೇ ಹೋಯ್ತು. ಪಳಂಪೊರಿ ಕೊಡೋದನ್ನೂ ಮರೆತ್ರು."

ಆ ಹೆಸರು ಗ್ರೇಸಿಗೆ ಹೊಸದಲ್ಲ. ಇದನ್ನು ಹೇಳುವ ಮೊದಲು ಅವರು ಎದ್ದು ಹೋಗಿ ನೀರು ಕುಡಿದು ಬಂದರು.

೨೦೦೭ರಲ್ಲಿ ಗ್ರೇಸಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಸಣ್ಣಪುಟ್ಟ ಕೋಡಿಂಗ್ ಕಲಿಯುತ್ತಿದ್ದರು. ಮೇಲಿನವರೊಬ್ಬರು ಫೈಲುಗಳನ್ನೆಲ್ಲ ಒಂದೇ ತರ ಕಾಣುವಂತೆ ಅಚ್ಚುಕಟ್ಟು ಮಾಡು ಎಂದರು. ತೆಗೆದು ನೋಡಿದರೆ ಒಂದೊಂದು ಫೈಲಿನ ಮೇಲೂ ಯಾರ್ಯಾರದೋ ಹೆಸರು. ನಮ್ಮ ಸಾಫ್ಟ್‌ವೇರಿನಲ್ಲಿ ಬೇರೆಯವರ ಹೆಸರು ಯಾಕೆ, ಇದು ಕಸ ಅಂದುಕೊಂಡರು. ಎಲ್ಲ ಫೈಲಿನ ತಲೆಭಾಗವನ್ನೂ ಒಟ್ಟಿಗೆ ಅಳಿಸುವಂತೆ ಒಂದು ಆದೇಶ ಬರೆದು ಗುಂಡಿ ಒತ್ತಿದರು. ಮುನ್ನೂರ ನಲವತ್ತು ಫೈಲು, ತೊಂಬತ್ತು ಜನರ ಹೆಸರು, ನಾಲ್ಕು ಸೆಕೆಂಡಿನಲ್ಲಿ ಮಾಯ. ಅಂದು ಸಂಜೆ ಭೇಷ್ ಅನ್ನಿಸಿಕೊಂಡರು.

ಮರುವರ್ಷ ತಿರುವನಂತಪುರದ ವಿಶ್ವೇಶ್ವರ ಎಂಬವರಿಂದ ಕಂಪನಿಗೆ ಒಂದು ಇ-ಮೇಲ್ ಬಂತು. ಗ್ರೇಸಿ ಅದರ ಪ್ರತಿಯನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ನನಗೆ ಓದಲು ಕೊಟ್ಟರು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: 'ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನನ್ನ ಪುಟ್ಟ ಪ್ರೋಗ್ರಾಮನ್ನು ನೀವು ಬಳಸುತ್ತಿರುವುದು ನೋಡಿ ಸಂತೋಷವಾಯಿತು. ಅದನ್ನು ತಿದ್ದಿದ್ದೀರಿ, ಅದಕ್ಕೆ ನನ್ನ ಅನುಮತಿ ಇದ್ದೇ ಇದೆ. ನಾನು ಕೇಳಿಕೊಂಡದ್ದು ಒಂದೇ, ನನ್ನ ಹೆಸರಿನ ಸಾಲು ಇರಲಿ ಎಂದು. ಅದು ಕಾಣುತ್ತಿಲ್ಲ. ದಯವಿಟ್ಟು ನೋಡಿ.'

"ಬೈದಿದ್ರೆ ಪರವಾಗಿರ್ಲಿಲ್ಲ ಸರ್. ಕೇಸ್ ಹಾಕ್ತೀನಿ ಅಂದಿದ್ರೂ ತಡ್ಕೋತಿದ್ದೆ. ದಯವಿಟ್ಟು ನೋಡಿ ಅಂದಿದ್ರು. ನಂಗೆ ಅವತ್ತು ಊಟ ಸೇರ್ಲಿಲ್ಲ."

ಅಳಿಸಿದ್ದನ್ನು ವಾಪಸ್ ಹಾಕುವುದು ಅಳಿಸಿದಷ್ಟು ಸುಲಭ ಇರಲಿಲ್ಲ. ಅಷ್ಟರಲ್ಲಿ ಫೈಲುಗಳು ಬದಲಾಗಿದ್ದವು, ಕೆಲವು ಎರಡಾಗಿ ಒಡೆದಿದ್ದವು. ಪ್ರತಿಯೊಂದರ ಮೂಲ ಪ್ರತಿಯನ್ನು ಹುಡುಕಿ, ಪಕ್ಕಪಕ್ಕ ಇಟ್ಟು, ಗ್ರೇಸಿ ಒಂದೊಂದೇ ಸಾಲನ್ನು ಕೈಯಾರೆ ಮತ್ತೆ ಹಾಕಿದರು. ಮೂರು ತಿಂಗಳು ಹಿಡಿಯಿತು. ಹಾಗೆ ಹಾಕುವಾಗಲೇ ಮೊದಲ ಸಲ ಓದಿದ್ದು. ವಿಶ್ವೇಶ್ವರರ ಹನ್ನೆರಡು ಸಾಲಿನಲ್ಲಿ ಕೊನೆಯದು ಕನ್ನಡದಲ್ಲಿತ್ತು: 'ತಪ್ಪಿದ್ದರೆ ತಿಳಿಸಿ, ಸರಿಯಿದ್ದರೆ ಚಹಾ ಕುಡಿಸಿ.'

"ಇಡೀ ಆಫೀಸಲ್ಲಿ ಕನ್ನಡ ಓದಕ್ಕೆ ಬರ್ತಿದ್ದವಳು ನಾನೊಬ್ಳು. ಓದದೇನೇ ಅಳಿಸ್ದೋಳೂ ನಾನೇ" ಎಂದು ಗ್ರೇಸಿ ಕಣ್ಣು ಒರೆಸಿಕೊಳ್ಳುತ್ತಾರೆ. ನಂತರ ಅವರು ಕೋಡಿಂಗ್ ಬಿಟ್ಟರು. ಈ ಸಾಲುಗಳನ್ನು ನೋಡಿಕೊಳ್ಳುವ ಕೆಲಸ ಕೊಡಿ ಎಂದು ಕೇಳಿ ತೆಗೆದುಕೊಂಡರು. ಮೊದಲ ದಿನವೇ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದರು, ಅದು ಈಗಲೂ ಇದೆ: ಹೆಸರಿನ ಸಾಲನ್ನು ಯಾರೂ, ಯಾವ ಕಾರಣಕ್ಕೂ ಅಳಿಸಕೂಡದು. ಅಂದು ವಿಶ್ವೇಶ್ವರರಿಗೆ ಹೋದ ಕ್ಷಮಾಪಣೆಯ ಇ-ಮೇಲಿಗೆ ಮ್ಯಾನೇಜರ್ ಸಹಿ ಮಾಡಿದ್ದರು. ಅಳಿಸಿದವರು ಯಾರು ಎಂದು ವಿಶ್ವೇಶ್ವರರಿಗೆ ತಿಳಿಯಲೇ ಇಲ್ಲ.

ಈಗ ಅದೇ ಮನುಷ್ಯನ ಹತ್ತಿರ ಹೋಗಿ ಇನ್ನೂರ ಹದಿನಾಲ್ಕು ಸಾಲಿಗೆ ಅನುಮತಿ ಕೇಳಬೇಕಿತ್ತು. ಅವರು ಬೇಡ ಎಂದರೆ ಆ ಭಾಗ ತೆಗೆಯಬೇಕು. ಅದನ್ನು ನೋಡಿಯೇ ಇರದ ಬೇರೆ ಯಾರಿಂದಲೋ ಹೊಸದಾಗಿ ಬರೆಸಬೇಕು, ಅದಕ್ಕೆ ಕಡಿಮೆ ಎಂದರೂ ಒಂದು ತಿಂಗಳು. ಅಷ್ಟು ದಿನ ನರ್ಸುಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ ಹುಡುಕುತ್ತಿರಬೇಕು. ತಂಡದ ಮುಖ್ಯಸ್ಥ ಸಂದೀಪ್ ತಲೆ ಚಚ್ಚಿಕೊಂಡರು. ಇನ್ನೂರು ಸಾಲು ಯಾರು ನೋಡುತ್ತಾರೆ ಎಂದರು. ಗ್ರೇಸಿ ಜಗ್ಗಲಿಲ್ಲ. ಕೊನೆಗೆ ಸರಿ, ಹೋಗಿ ಸಹಿ ಹಾಕಿಸಿಕೊಂಡು ಬನ್ನಿ, ಆದರೆ ಹಳೆಯ ಕತೆ ಮಾತ್ರ ಕೆದಕಬೇಡಿ, ಗೊತ್ತಾದರೆ ಆ ಮನುಷ್ಯ ಕೊಡುವುದಿಲ್ಲ ಎಂದರು. ಸಂದೀಪ್ ಇದನ್ನು ನನಗೂ ಮುಚ್ಚುಮರೆ ಇಲ್ಲದೆ ಹೇಳಿದರು, ಒಳ್ಳೆಯ ಮನುಷ್ಯ.

ವಿಶ್ವೇಶ್ವರರ ಹಳೆಯ ಮೇಲ್ ವಿಳಾಸ ಸತ್ತುಹೋಗಿತ್ತು. ಗ್ರೇಸಿ ತಿರುವನಂತಪುರದ ಕನ್ನಡ ಬಳಗವೊಂದರ ಕಾರ್ಯದರ್ಶಿ ಕೃಷ್ಣಾನಂದ ಎಂಬವರಿಗೆ ಫೋನ್ ಮಾಡಿದರು. ಅವರು ವಾಟ್ಸಾಪಿನಲ್ಲಿ ಸದಸ್ಯರ ಪಟ್ಟಿಯನ್ನೇ ಕಳಿಸಿದರು. 'ವ' ಅಕ್ಷರದಲ್ಲಿ ಮೂರನೆಯ ಹೆಸರು, ಶ್ರೀಕಾರ್ಯಂ ವಿಳಾಸ. ಆ ಪಟ್ಟಿಯನ್ನು ಜೋಡಿಸಿದ್ದು ವಿಶ್ವೇಶ್ವರರದೇ ಪ್ರೋಗ್ರಾಮು ಎಂದು ಕೃಷ್ಣಾನಂದ ಹೆಮ್ಮೆಯಿಂದ ಹೇಳಿದರಂತೆ. ರಾಜ್ಯೋತ್ಸವದ ಆಮಂತ್ರಣದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ವರ್ಷವರ್ಷವೂ ಜಗಳ ಆಗುತ್ತಿತ್ತು, ಅದಕ್ಕೆ ಮದ್ದಾಗಿ ಅವರು ಅದನ್ನು ಬರೆದದ್ದು. ಈಗ ಜಗಳ ಬೇರೆ ವಿಷಯಕ್ಕಂತೆ.

ಶನಿವಾರ ಬೆಳಗಿನ ರೈಲಿಗೆ ಗ್ರೇಸಿ ಹೊರಟರು. ಚೀಲದಲ್ಲಿ ಎರಡು ಪುಟದ ಅನುಮತಿ ಪತ್ರ, ಅರ್ಧ ಕಿಲೋ ಮುನ್ನಾರ್ ಚಹಾಪುಡಿ.

ಚಹಾಪುಡಿ ಯಾಕೆ?

"ಕಂಡಿಷನ್ ಅಲ್ವಾ ಸರ್. ಸರಿಯಿದ್ರೆ ಚಹಾ ಕುಡಿಸಿ ಅಂತ ಬರ್ದಿದಾರೆ. ಹದಿನೆಂಟು ವರ್ಷದಿಂದ ಅವ್ರ ಪ್ರೋಗ್ರಾಮ್ ಸರ್ಯಾಗೇ ಓಡ್ತಿದೆ, ನಾವ್ ಕುಡಿಸೇ ಇರ್ಲಿಲ್ಲ."

ಶ್ರೀಕಾರ್ಯಂನಲ್ಲಿ ಎಂಜಿನಿಯರಿಂಗ್ ಕಾಲೇಜು ದಾಟಿ ಒಳಗಿನ ಒಂದು ರಸ್ತೆ. ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಬಿಳಿ ಮುಂಡು ಉಟ್ಟ ವಿಶ್ವೇಶ್ವರ. ಪುತ್ತೂರಿನ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರು. ಕನ್ನಡ ಕೇಳಿದ್ದೇ ಖುಷಿಯಾಗಿ ಕುಳ್ಳಿರಿಸಿದರು. ಪತ್ರ ಕೊಟ್ಟರೆ ಓದದೆಯೇ ಪೆನ್ನು ತೆಗೆದರಂತೆ. ಗ್ರೇಸಿ ಸಹಿ ಹಾಕಲು ಬಿಡಲಿಲ್ಲ. ಒಂದೊಂದೇ ಸಾಲು ಓದಿ ಹೇಳಿದರು: ಇದಕ್ಕೆ ಸಹಿ ಹಾಕಿದರೆ ಯಾರು ಬೇಕಾದರೂ ಇದನ್ನು ತಿದ್ದಬಹುದು, ಮಾರಬಹುದು, ಕೊಟ್ಟ ಮೇಲೆ ವಾಪಸ್ ತಗೊಳ್ಳುವ ಹಾಗಿಲ್ಲ, ನಿಮ್ಮ ಹೆಸರು ಮಾತ್ರ ಇರುತ್ತದೆ. ಇದನ್ನು ಆಫೀಸಿನಲ್ಲಿ ಬರೆದಿರೋ ಮನೆಯಲ್ಲೋ ಎಂದೂ ಕೇಳಿದರು.

"ಆಫೀಸಿನಲ್ಲಿ ಎಲ್ಲಿಯ ಸಮಯ ಮಾರಾಯ್ರೆ! ರಿಟೈರ್ ಆದ ಮೇಲೆ ಇದೇ ಕುರ್ಚಿಯಲ್ಲಿ ಕೂತು ಬರೆದದ್ದು" ಎಂದು ವಿಶ್ವೇಶ್ವರ ಮತ್ತೆ ಪೆನ್ನು ಎತ್ತಿದರು.

ಪೆನ್ನು ಕಾಗದದ ಮೇಲಿತ್ತು. ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಸಂದೀಪ್ ಹೇಳಿದ್ದೂ ಅದನ್ನೇ.

"ಆಗ್ಲಿಲ್ಲ ಸರ್ ನಂಗೆ. ಮುಚ್ಚಿಟ್ಟು ತಗೊಂಡ್ರೆ ಅದು ಅನುಮತಿ ಹೆಂಗಾಗುತ್ತೆ? ಸಾರ್, ಸಹಿ ಹಾಕ್ಬೇಡಿ, ಒಂದ್ ಮಾತಿದೆ ಅಂದೆ. ನಿಮ್ ಹೆಸ್ರು ಅಳಿಸಿದ್ದು ನಾನೇ, ಇಷ್ಟು ವರ್ಷ ಹೇಳಿರ್ಲಿಲ್ಲ, ತಪ್ಪಾಯ್ತು, ಈಗ ನೀವು ಕೊಡಲ್ಲ ಅಂದ್ರೂ ನಾನ್ ಎದ್ದು ಹೋಗ್ತೀನಿ ಅಂದೆ."

ವಿಶ್ವೇಶ್ವರ ಪೆನ್ನು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಗ್ರೇಸಿ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಚಹಾಪುಡಿ ಅಲ್ಲೇ ಬಿಡುವುದೋ ತೆಗೆದುಕೊಂಡು ಹೋಗುವುದೋ ಎಂದು ಯೋಚಿಸುತ್ತಾ ನಿಂತಿದ್ದರಂತೆ. ಅಷ್ಟರಲ್ಲಿ ಒಳಗಿಂದ ದೊಡ್ಡ ದನಿ ಕೇಳಿತು.

"ವಿಜಯಾ, ಸ್ನಾನ ಆಯಿತಾ? ಬೇಗ ಬಾ. ಹೆಸರು ಅಳಿಸಿದವರು ಬಂದಿದ್ದಾರೆ!"

ತಲೆಗೆ ಟವೆಲು ಸುತ್ತಿಕೊಂಡೇ ಹೊರಗೆ ಬಂದ ಹೆಂಡತಿ ವಿಜಯಾ, ಗ್ರೇಸಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟರು. "ನೀವಾ ಅದು? ಅಯ್ಯೋ, ಆಗ ಒಂದು ವಾರ ಇವರು ಯಾರ ಹತ್ತಿರವೂ ಮಾತಾಡಿರಲಿಲ್ಲ. ಸಾಂಬಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗಲಿಲ್ಲ ಇವರಿಗೆ. ಮೇಲಿನ ಸಾಲು ಯಾರು ಓದುತ್ತಾರೆ, ಬಿಡಿ ಅಂತ ನಾನು ಹೇಳಿದ್ದಕ್ಕೆ ನನಗೇ ಬೈದರು."

ನಾನು ವಿಶ್ವೇಶ್ವರರಿಗೆ ಫೋನ್ ಮಾಡಿ, ನಿಮಗೆ ಸಿಟ್ಟು ಬರಲಿಲ್ಲವಾ ಎಂದು ಕೇಳಿದೆ.

"ಆಗ ಬಂದಿತ್ತು, ಬಾರದೆ ಎಂತ? ಮತ್ತೆ ಒಂದು ದಿನ ತೆಗೆದು ನೋಡುತ್ತೇನೆ, ಹೆಸರು ವಾಪಸ್ ಬಂದಿದೆ. ಹೆಸರು ಮಾತ್ರ ಅಲ್ಲ, ಆ ಚಹಾದ ಸಾಲೂ ಬಂದಿದೆ. ಅದು ತಮಾಷೆಗೆ ಬರೆದದ್ದು, ಹಾಕದಿದ್ದರೆ ಯಾವ ಕಾನೂನೂ ಕೇಳುವುದಿಲ್ಲ. ಯಾರೋ ಕೂತು, ಓದಿ, ಮನಸ್ಸಿಟ್ಟು ಹಾಕಿದ್ದಾರೆ ಅಂತ ಆವತ್ತೇ ಗೊತ್ತಾಯಿತು ನನಗೆ. ಅದು ಯಾರು ಅಂತ ಒಂದು ಕುತೂಹಲ ಇತ್ತು. ಬಂದರಲ್ಲ, ಚಹಾಪುಡಿ ಹಿಡಿದುಕೊಂಡು! ಈ ಹೆಂಗಸು ಹದಿನೆಂಟು ವರ್ಷ ಇದನ್ನು ತಲೆಯಲ್ಲಿ ಹೊತ್ತು ತಿರುಗಿದ್ದಾರಲ್ಲ ಮಾರಾಯ್ರೆ, ಅದು ನನಗೆ ಬೇಜಾರಾದದ್ದು."

ವಿಜಯಾ ಅದೇ ಪುಡಿಯಲ್ಲಿ ಚಹಾ ಮಾಡಿದರು. ಹಲಸಿನ ಚಿಪ್ಸು ಬಂತು. ಮೂವರೂ ಕುಡಿದಾದ ಮೇಲೆ ವಿಶ್ವೇಶ್ವರ ಸಹಿ ಹಾಕಿದರು. ಫೈಲಿನ ತಲೆಭಾಗವನ್ನು ತಾವೇ ಬರೆದು ಸೋಮವಾರ ಕಳಿಸುತ್ತೇನೆ ಎಂದರು. ವಾಪಸ್ ಬರುವ ರೈಲಿನಲ್ಲಿ ಕೊಲ್ಲಂ ದಾಟುವವರೆಗೂ ಗ್ರೇಸಿ ಅತ್ತರಂತೆ. ಎದುರು ಕೂತಿದ್ದ ಅಜ್ಜಿಯೊಬ್ಬಳು ಮನೆಯಲ್ಲಿ ಏನಾದರೂ ಆಯಿತಾ ಮೋಳೇ, ಅಂದರೆ ಮಗಳೇ, ಎಂದು ಕೇಳಿದಳು. ಏನಿಲ್ಲ ಅಮ್ಮಚ್ಚಿ, ಸಂತೋಷಕ್ಕೆ ಎಂದರಂತೆ.

ಸೋಮವಾರ ಫೈಲು ಬಂತು. ಅದರ ಮುಂದಿನ ವಾರದ ಮಂಗಳವಾರ, ಹೇಳಿದ ದಿನಕ್ಕೇ, ಹೊಸ ಆವೃತ್ತಿ ಹೊರಬಂತು. ಏಲೂರಿನ ಕಡೆ ಮನೆಮನೆ ಸುತ್ತುವ ನರ್ಸ್ ಸುಮಯ್ಯಾ, ಈಗ ಒಬ್ಬ ರೋಗಿಗೆ ಒಂದೇ ಹೆಸರು, ಒಂದೇ ಪಟ್ಟಿ, ನನ್ನ ತಲೆನೋವು ಅರ್ಧ ಕಡಿಮೆಯಾಯಿತು ಎನ್ನುತ್ತಾರೆ. ಆ ಇನ್ನೂರ ಹದಿನಾಲ್ಕು ಸಾಲಿನ ವಿಷಯ ಅವರಿಗೆ ಗೊತ್ತಿಲ್ಲ. ಯಾಕೆ ಗೊತ್ತಿರಬೇಕು?

ಗಂಟೆ ಒಂಬತ್ತಾಗುತ್ತಾ ಬಂತು. ಲಿಫ್ಟಿನ ಸದ್ದು ಶುರುವಾಗಿದೆ. ಆ ಫೈಲನ್ನು ನನಗೆ ತೋರಿಸಿ ಎಂದು ಕೇಳುತ್ತೇನೆ. ಯಾಕೋ ಗ್ರೇಸಿ ಹಿಂದೆಮುಂದೆ ನೋಡುತ್ತಾರೆ. ಬೇಡ ಬಿಡಿ ಸರ್ ಎನ್ನುತ್ತಾರೆ. ಒತ್ತಾಯ ಮಾಡಿದ ಮೇಲೆ ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿ, ತಾವು ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ.

ಮೊದಲ ಸಾಲು ವಿಶ್ವೇಶ್ವರರ ಹೆಸರು. ಆಮೇಲೆ ವರ್ಷ, ಅನುಮತಿ, ಷರತ್ತು. ತಿದ್ದಿದವರು ಎಂದು ಇರ್ಫಾನ್ ಹೆಸರು, ದಿನಾಂಕ. ಅದರ ಕೆಳಗೆ ಕನ್ನಡದಲ್ಲಿ ಆ ಹಳೆಯ ಸಾಲು, ತಪ್ಪಿದ್ದರೆ ತಿಳಿಸಿ, ಸರಿಯಿದ್ದರೆ ಚಹಾ ಕುಡಿಸಿ. ಅಲ್ಲಿಗೆ ಮುಗಿಯಬೇಕಿತ್ತು. ಇನ್ನೂ ಒಂದು ಸಾಲಿದೆ:

'ಈ ಹೆಸರನ್ನು ೨೦೦೭ರಲ್ಲಿ ಅಳಿಸಿದವರೂ ೨೦೦೮ರಲ್ಲಿ ಕೈಯಾರೆ ಮತ್ತೆ ಬರೆದವರೂ ಗ್ರೇಸಿ ಲೋಬೊ, ಕೊಚ್ಚಿ. ಚಹಾ ಕುಡಿಸಿಯಾಗಿದೆ.'

ನಾನು ಎರಡು ಸಲ ಓದಿದೆ. ಈ ಸಾಫ್ಟ್‌ವೇರ್ ಇರುವಷ್ಟು ದಿನ, ಅದನ್ನು ಯಾರು ತಿದ್ದಲಿ, ಎಲ್ಲಿಗೆ ಒಯ್ಯಲಿ, ಆ ಸಾಲು ಜೊತೆಗೇ ಹೋಗುತ್ತದೆ.

"ನೋಡಿದ ತಕ್ಷಣ ತೆಗೆಯೋಣ ಅಂತ ಹೋದೆ ಸರ್" ಎಂದು ಗ್ರೇಸಿ ಕಿಟಕಿಯ ಕಡೆಯಿಂದಲೇ ಹೇಳುತ್ತಾರೆ. "ನಾನೇನ್ ಕೋಡ್ ಬರ್ದಿದೀನಾ, ನಂದ್ಯಾಕೆ ಅಲ್ಲಿ? ಬೆರಳು ಗುಂಡಿ ಮೇಲೇ ಇತ್ತು."

ಮತ್ತೆ?

ಅವರು ತಿರುಗಿ ಗೋಡೆಯ ಮೇಲಿನ ಹಳದಿಯಾದ ಆ ಕಾಗದವನ್ನು ತೋರಿಸುತ್ತಾರೆ. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ.

"ಅಳ್ಸಂಗಿಲ್ವಲ್ಲ ಸರ್. ನಾನೇ ಮಾಡಿರೋ ರೂಲ್ಸು."